ಅಪ್‌ಡೇಟ್: ಪುಸ್ತಕದ ಜೊತೆ ವೆಬ್‌ಸೈಟ್, ಕೊನೆಗೂ ದಾರಿ ಸಿಕ್ಕಿತು

ಹೋದ ತಿಂಗಳು ಕೇಳಿದ್ದೆ: ಆರು ವರ್ಷದ ಮಗಳಿಗೆ ಕತೆ ಓದಿದ ಮೇಲೆ ಅದೇ ವಿಷಯದ ವೆಬ್‌ಸೈಟ್ ತೋರಿಸಿದರೆ ಅವಳು ಪುಸ್ತಕವನ್ನೇ ಮರೆತು ಸುಮ್ನೆ ಕ್ಲಿಕ್ ಮಾಡ್ತಾ ಕೂರುತ್ತಾಳೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

"ಮೊದಲು ಪ್ರಶ್ನೆ, ಆಮೇಲೆ ಸ್ಕ್ರೀನ್" ಅಂದಿದ್ದಿರಲ್ಲ, ಅದೇ ಕೆಲಸ ಮಾಡಿತು. ಈಗ ಪುಸ್ತಕ ಎರಡು ಸಲ ಓದುತ್ತೇವೆ. ಅವಳ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು, ಒಂದೇ ಪುಟ ತೆರೆದು, ಉತ್ತರ ಸಿಕ್ಕ ತಕ್ಷಣ ಮತ್ತೆ ಪುಸ್ತಕಕ್ಕೆ ಬರುತ್ತೇವೆ. ಆ ಪುಟವನ್ನು ನಾನು ಮೊದಲೇ ಹುಡುಕಿ ಇಟ್ಟಿರುತ್ತೇನೆ. ಇದು ತುಂಬಾ ಮುಖ್ಯ.

ಚಂದ್ರನ ಕತೆಗೆ ನಾಸಾದವರ ಮಕ್ಕಳ ವೆಬ್‌ಸೈಟ್ ಸ್ಪೇಸ್ ಪ್ಲೇಸ್ ಜೋಡಿಸಿದೆ. ಚಂದ್ರ ಯಾವಾಗಲೂ ಪೂರ್ತಿ ಗುಂಡಗೇ ಇರುತ್ತಾನೆ, ಬಿಸಿಲು ಬಿದ್ದ ಭಾಗ ಎಷ್ಟು ಕಾಣುತ್ತೋ ಅಷ್ಟೇ ಬದಲಾಗೋದು ಅಂತ ಗೊತ್ತಾದ ಮೇಲೆ ಅವಳು ಪುಸ್ತಕಕ್ಕೆ ವಾಪಸ್ ಬಂದು, ಬಿದಿಗೆ ಚಂದ್ರನ ಎರಡು ಕೊಂಬಿನ ನಡುವೆ ಬರೆದಿದ್ದ ನಕ್ಷತ್ರದ ಮೇಲೆ ಬೆರಳಿಟ್ಟು, "ಅಮ್ಮಾ, ಇಲ್ಲಿ ಚಂದ್ರನೇ ಇದ್ದಾನೆ ಅಲ್ವಾ, ಕತ್ತಲಲ್ಲಿ? ನಕ್ಷತ್ರ ಹೇಗೆ ಕಾಣುತ್ತೆ?" ಅಂದಳು. ನಾನು ಅಷ್ಟು ವರ್ಷದಲ್ಲಿ ಅದನ್ನು ಗಮನಿಸಿರಲೇ ಇಲ್ಲ!

ಗೂಬೆ ಕತೆಗೆ ಕಾರ್ನೆಲ್ ವಿಶ್ವವಿದ್ಯಾಲಯದ ಮೆಕಾಲೆ ಲೈಬ್ರರಿಯಲ್ಲಿ (ಹಕ್ಕಿ, ಪ್ರಾಣಿಗಳ ದನಿ ಸಿಗುವ ಆನ್‌ಲೈನ್ ಸಂಗ್ರಹ) ಕಣಜ ಗೂಬೆಯ (ಬಾರ್ನ್ ಔಲ್) ದನಿ ಕೇಳಿಸಿದೆ. ಅದು ಗೂ ಗೂ ಅನ್ನಲ್ಲ, ಕಿರುಚುತ್ತೆ. ಈಗ ಆ ಪುಟ ಬಂದಾಗಲೆಲ್ಲ ಇವಳೂ ಕಿರುಚುತ್ತಾಳೆ.

ಡೈನೋಸಾರ್ ಪುಸ್ತಕಕ್ಕೆ ಮಾತ್ರ ಇನ್ನೂ ಸರಿಯಾದ ಜೋಡಿ ಸಿಕ್ಕಿಲ್ಲ. ಜಾಸ್ತಿ ಜಾಹೀರಾತು ಇಲ್ಲದ್ದು ಗೊತ್ತಿದ್ದರೆ ಹೇಳಿ.