ಥಾಯ್ಲೆಂಡ್ ನಿವೃತ್ತಿ ವೀಸಾ: ದುಡ್ಡಿದೆ, ಮನೆಯಿದೆ, ಆ ಮನೆಯಲ್ಲಿ ಇದ್ದೇವೆ ಅನ್ನುವುದಕ್ಕೆ ಕಾಗದ ಇಲ್ಲ

ಎರಡನೇ ಇನಿಂಗ್ಸ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನಗೆ 61, ಹೆಂಡತಿಗೆ 57. ಉತ್ತರ ಥಾಯ್ಲೆಂಡ್‌ನ ಒಂದು ಸಣ್ಣ ಊರಿನಲ್ಲಿ ಬಾಡಿಗೆ ಮನೆ ಹಿಡಿದು ಐದು ವಾರ ಆಯಿತು. ನಾನ್ ಇಮಿಗ್ರಂಟ್ 'ಓ' ವೀಸಾದಲ್ಲಿ ಬಂದಿದ್ದೇವೆ. ಆ ವೀಸಾದ 90 ದಿನ ಮುಗಿಯುವುದರೊಳಗೆ ನಿವೃತ್ತಿಯ ಲೆಕ್ಕದಲ್ಲಿ ಒಂದು ವರ್ಷದ ವಿಸ್ತರಣೆಗೆ ಅರ್ಜಿ ಹಾಕಬೇಕು. ಹೆಂಡತಿ ನನ್ನ ಅವಲಂಬಿತೆ.

ನಾನು ತಲೆ ಕೆಡಿಸಿಕೊಂಡಿದ್ದೆಲ್ಲ ದುಡ್ಡಿನ ಬಗ್ಗೆ. 8 ಲಕ್ಷ ಬಾತ್ ಅರ್ಜಿಗೆ ಎರಡು ತಿಂಗಳು ಮುಂಚಿನಿಂದಲೇ ಇಲ್ಲಿನ ಬ್ಯಾಂಕಿನಲ್ಲಿ ಇರಬೇಕಲ್ವಾ, ಬಂದ ವಾರವೇ ಹಾಕಿದೆ. ವಿಳಾಸದ ಬಗ್ಗೆ ಯೋಚನೆಯೇ ಮಾಡಿರಲಿಲ್ಲ. ಬಾಡಿಗೆ ಕರಾರು ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆ.

ಮೊನ್ನೆ ಸುಮ್ನೆ ವಿಚಾರಿಸೋಣ ಅಂತ ವಲಸೆ ಕಚೇರಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ನನ್ನ ಫೈಲನ್ನು ಇಸ್ಪೀಟ್ ಎಲೆಯ ಹಾಗೆ ತಿರುವಿದಳು. ಪಾಸ್‌ಪೋರ್ಟ್, ಫೋಟೋ, ವಿಸ್ತರಣೆಯ ಅರ್ಜಿಯಾದ ಟಿಎಂ 7 ಫಾರಂ ಎಲ್ಲಕ್ಕೂ ತಲೆಯಾಡಿಸಿದಳು. ಬಾಡಿಗೆ ಕರಾರು ಬಂದ ಕೂಡಲೇ ಬೆರಳು ನಿಂತಿತು. "ಟಿಎಂ 30?" ಇಲ್ಲ. "ಬ್ಲೂ ಬುಕ್ ಕಾಪಿ?" ಇಲ್ಲ. "ಓನರ್ ಐಡಿ ಕಾಪಿ?" ಅದೂ ಇಲ್ಲ. ಒಂದು ಚೀಟಿಯಲ್ಲಿ ಮೂರನ್ನೂ ಬರೆದು ಕೊಟ್ಟು, ನಗುತ್ತಾ ಮುಂದಿನವರನ್ನು ಕರೆದಳು.

ನಮ್ಮ ಮನೆಯೊಡತಿ ಒಳ್ಳೆಯ ಹೆಂಗಸು. ಎರಡು ದಿನಕ್ಕೊಮ್ಮೆ ಪಪ್ಪಾಯಿ ತಂದುಕೊಡುತ್ತಾರೆ. ಆದರೆ ಐಡಿ ಕಾರ್ಡಿನ ಪ್ರತಿ ಅಂದರೆ ಸಾಕು, ಮುಗುಳ್ನಕ್ಕು "ನಾಳೆ" ಅನ್ನುತ್ತಾರೆ. ನಾಲ್ಕು ನಾಳೆ ಆಗಿವೆ. ಬಾಡಿಗೆ ಆದಾಯಕ್ಕೆ ತೆರಿಗೆ ಬೀಳುತ್ತದೆ ಅನ್ನುವ ಭಯ ಇರಬಹುದು. ಕರೆಂಟ್ ಬಿಲ್ ತೋರಿಸಿದರೆ ನಡೆಯುತ್ತದಾ? ಅದೂ ಅವರ ಹೆಸರಲ್ಲೇ ಇದೆ. ಇಲ್ಲ, ಮನೆಯನ್ನೇ ಬದಲಾಯಿಸಬೇಕಾ?

ಬಾತ್‌ಬುಟ್ಟಿ:

ಸರ್, ಇಷ್ಟೆಲ್ಲ ಯಾಕೆ ಒದ್ದಾಡುತ್ತೀರಿ. ಏಜೆಂಟ್‌ಗೆ ದುಡ್ಡು ಕೊಡಿ, ಯಾವುದೋ ಒಂದು ವಿಳಾಸ ಅವರೇ ಹಾಕಿಸುತ್ತಾರೆ. ನನಗೆ ಗೊತ್ತಿರುವ ಇಬ್ಬರು ಹೀಗೇ ಮಾಡಿಸಿದ್ದಾರೆ.

ಸಮುದ್ರದ ಕಡೆಯವಳು:

ಬಾತ್‌ಬುಟ್ಟಿಯವರೇ, ದಯವಿಟ್ಟು ಈ ಸಲಹೆ ಬೇಡ. ವೀಸಾ ಸಿಕ್ಕ ಮೇಲೂ 90 ದಿನಕ್ಕೊಮ್ಮೆ ಟಿಎಂ 47 ಫಾರಂ ಹಾಕಿ ಎಲ್ಲಿದ್ದೇನೆ ಅಂತ ಹೇಳಬೇಕು. ಇಲ್ಲದ ಮನೆಯಲ್ಲಿ ಇದ್ದೇನೆ ಅಂತ ಎಷ್ಟು ಸಲ ಹೇಳುತ್ತೀರಿ? ಒಂದು ದಿನ ಯಾರಾದರೂ ಬಂದು ಆ ಮನೆಯ ಬಾಗಿಲು ತಟ್ಟಿದರೆ ಏಜೆಂಟ್ ಅಲ್ಲಿರುವುದಿಲ್ಲ.

ಎರಡನೇ ಇನಿಂಗ್ಸ್ ಸರ್, ನಾನು ಪಟ್ಟಾಯ ಕಡೆ ಇದ್ದು ಆರು ವರ್ಷ ಆಯಿತು. ಮೊದಲ ವರ್ಷ ನಾನೂ ನಿಮ್ಮ ಹಾಗೇ ನಿಂತಿದ್ದೆ. ನನಗೆ ಅರ್ಥವಾಗಲು ತಡವಾಗಿದ್ದು ಏನೆಂದರೆ, ಇಲ್ಲಿ ವಿಳಾಸದ ಪುರಾವೆ ನಮ್ಮ ಕಾಗದ ಅಲ್ಲ, ಮನೆಯವರ ಕಾಗದ. ನಮ್ಮ ಹೆಸರಿನ ಬಿಲ್ ತೋರಿಸಿ ಮುಗಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಕರೆಂಟ್ ಬಿಲ್ ಜೊತೆಗಿರಲಿ, ಅದೊಂದೇ ಸಾಲದು.

ಮೊದಲು ಟಿಎಂ 30, ಅಂದರೆ ನಮ್ಮ ಮನೆಯಲ್ಲಿ ವಿದೇಶಿ ಇದ್ದಾರೆ ಅಂತ ವಲಸೆ ಕಚೇರಿಗೆ ತಿಳಿಸುವ ಫಾರಂ. 1979ರ ವಲಸೆ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ, ವಿದೇಶಿಯನ್ನು ಮನೆಯಲ್ಲಿ ಇರಿಸಿಕೊಂಡವರು 24 ಗಂಟೆಯೊಳಗೆ ತಿಳಿಸಬೇಕು. ತಿಳಿಸದಿದ್ದರೆ ದಂಡ ಅವರಿಗೆ, 2,000 ಬಾತ್‌ವರೆಗೆ. ನಿಮ್ಮದು ಐದು ವಾರ ತಡ. ಆ ದಂಡ ನಾನೇ ಕಟ್ಟುತ್ತೇನೆ ಅಂತ ಮೊದಲೇ ಹೇಳಿಬಿಡಿ. ಅರ್ಧ ಮುಜುಗರ ಅಲ್ಲೇ ಇಳಿಯುತ್ತದೆ. ಕಾಯ್ದೆ ಮಾಲೀಕರ ಜೊತೆ ಮನೆಯನ್ನು ವಶದಲ್ಲಿ ಇಟ್ಟುಕೊಂಡವರನ್ನೂ ಹೆಸರಿಸುತ್ತದೆ. ಹಾಗಾಗಿ ಕೆಲವು ಕಚೇರಿಗಳಲ್ಲಿ ಬಾಡಿಗೆದಾರನೇ ಫಾರಂ ಕೊಟ್ಟರೂ ತೆಗೆದುಕೊಳ್ಳುತ್ತಾರೆ. ಆಗಲೂ ಮನೆಯವರ ಐಡಿ ಪ್ರತಿ ಬಿಡುವುದಿಲ್ಲ.

ಬ್ಲೂ ಬುಕ್ ಅಂದರೆ ತಬಿಯನ್ ಬಾನ್, ಮನೆಗೊಂದು ಇರುವ ನೀಲಿ ರಟ್ಟಿನ ನೋಂದಣಿ ಪುಸ್ತಕ. ಅದರಲ್ಲಿ ಮನೆಯೊಡತಿಯ ಹೆಸರು ಇದೆಯಾ ನೋಡಿ. ನಾನಿದ್ದ ಕಾಂಡೋದ ಪುಸ್ತಕ ಪೂರ್ತಿ ಖಾಲಿ, ಮಾಲೀಕರು ಬೇರೆ ಊರಿನಲ್ಲಿ ನೋಂದಾಯಿಸಿಕೊಂಡಿದ್ದರು. ಕಡೆಗೆ ಅವರದೇ ಆಸ್ತಿ ಅನ್ನುವುದಕ್ಕೆ ವಲಸೆ ಕಚೇರಿಯವರು ಹಕ್ಕುಪತ್ರದ ಪ್ರತಿಯನ್ನೂ ತರಿಸಿದರು. ಇನ್ನೊಂದು ಹಳದಿ ಪುಸ್ತಕ ಇದೆ, ಅದು ವಿದೇಶಿಯರಿಗೆ. ಅದಕ್ಕೆ ಈಗ ಕೈ ಹಾಕಬೇಡಿ, ಬೇರೆಯೇ ಕಥೆ.

ಮನೆಯೊಡತಿಯ ಭಯದ ಬಗ್ಗೆ: ತೆರಿಗೆ ಅಂತ ನೀವೇ ತೀರ್ಮಾನಿಸಬೇಡಿ. ನಮ್ಮ ಮಾಲೀಕರ ಭಯ ಬೇರೆಯಿತ್ತು. ಐಡಿ ಪ್ರತಿ ಹಿಡಿದು ಯಾರಾದರೂ ತಮ್ಮ ಹೆಸರಲ್ಲಿ ಸಾಲ ತೆಗೆದರೆ ಅಂತ. ಇಲ್ಲಿನವರು ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದಾರೆ. ಜೆರಾಕ್ಸ್ ಮೇಲೆ ಓರೆಯಾಗಿ ಎರಡು ಗೆರೆ ಎಳೆದು, ಗೆರೆಗಳ ನಡುವೆ "ಇಂಥ ಕೆಲಸಕ್ಕೆ ಮಾತ್ರ" ಅಂತ ಬರೆದು ಸಹಿ ಹಾಕುತ್ತಾರೆ. ಗೆರೆ ಮುಖದ ಮೇಲೆ, ನಂಬರಿನ ಮೇಲೆ ಹಾಯದಿದ್ದರೆ ಸಾಕು. "ವಲಸೆ ಕಚೇರಿಗೆ ಮಾತ್ರ ಅಂತ ನೀವೇ ಬರೆಯಿರಿ" ಅಂತ ಪೆನ್ ಅವರ ಕೈಗೇ ಕೊಡಿ. ನೀಲಿ ಶಾಯಿ ಇರಲಿ, ಕಪ್ಪು ಸಹಿ ನೋಡಿ ಇದೂ ಜೆರಾಕ್ಸ್ ಅಂತ ನನ್ನನ್ನು ಒಮ್ಮೆ ವಾಪಸ್ ಕಳಿಸಿದ್ದರು.

ಕೊನೆಯದಾಗಿ, ಈಗಲೇ ಎದ್ದು ಹೋಗಿ ಗೇಟಿನ ಮೇಲಿನ ಮನೆ ನಂಬರನ್ನು ಕರಾರಿನ ಜೊತೆ ಹೋಲಿಸಿ. ತಮಾಷೆ ಅಲ್ಲ.

ಎರಡನೇ ಇನಿಂಗ್ಸ್:

ಮೇಡಂ, ಎದ್ದು ಹೋಗಿ ನೋಡಿದೆ. ಗೇಟಿನ ಮೇಲೆ 88/14. ಕರಾರಿನಲ್ಲಿ 88/41. ಎಷ್ಟು ಸಲ ಓದಿದ್ದೇನೆ ಆ ಕಾಗದವನ್ನು! ಹೆಂಡತಿ ನಕ್ಕಿದ್ದು ಇನ್ನೂ ನಿಂತಿಲ್ಲ.

ನಿವೃತ್ತ ಗುಮಾಸ್ತ:

ಮೇಡಂ ಹೇಳಿದ್ದು ಸರಿ. ಕರಾರು ಹೇಗೂ ಹೊಸದಾಗಿ ಬರೆಸುತ್ತೀರಿ, ಇಸವಿಯನ್ನೂ ನೋಡಿಕೊಳ್ಳಿ. ಥಾಯ್ ಲೆಕ್ಕದಲ್ಲಿ ನಮ್ಮ ಇಸವಿಗೆ 543 ಕೂಡಿಸಬೇಕು, 2025 ಅಂದರೆ 2568. ನನ್ನ ಕರಾರಿನ ಥಾಯ್ ಹಾಳೆಯಲ್ಲಿ ಒಂದು ವರ್ಷ ಹಿಂದಿನ ಇಸವಿ ಬಿದ್ದಿತ್ತು. ಅಂದರೆ ಅರ್ಜಿ ಕೊಡುವ ದಿನಕ್ಕೆ ನನ್ನ ಬಾಡಿಗೆ ಅವಧಿಯೇ ಮುಗಿದುಹೋಗಿತ್ತು! ನಲವತ್ತು ವರ್ಷ ಕಡತ ನೋಡಿದವನಿಗೆ ಆದ ಗತಿ ಇದು.

ಇನ್ನೊಂದು. ಟಿಎಂ 30ರಲ್ಲಿ ಇಬ್ಬರ ಹೆಸರೂ ಬರಬೇಕು. ನಿಮ್ಮ ಹೆಸರಿಗೆ ಆದರೆ ಹೆಂಡತಿಯವರಿಗೂ ಆಯಿತು ಅಂದುಕೊಳ್ಳಬೇಡಿ.

ಎರಡನೇ ಇನಿಂಗ್ಸ್ (ಐದು ವಾರದ ನಂತರ):

ಆಯಿತು! ನಡೆದಿದ್ದನ್ನು ಬರೆಯುತ್ತೇನೆ, ಯಾರಿಗಾದರೂ ಬೇಕಾಗುತ್ತದೆ.

ಈ ಸಲ ಕೇಳಲು ನಾನು ಹೋಗಲಿಲ್ಲ, ಹೆಂಡತಿ ಹೋದಳು, ನೀಲಿ ಪೆನ್ ಹಿಡಿದುಕೊಂಡು. ಮನೆಯೊಡತಿಯ ಮಗಳೂ ಇದ್ದಳು, ಅವಳಿಗೆ ಸ್ವಲ್ಪ ಇಂಗ್ಲಿಷ್ ಬರುತ್ತದೆ. ತೆರಿಗೆಯ ಮಾತೇ ಬರಲಿಲ್ಲವಂತೆ. ಮೇಡಂ ಹೇಳಿದ ಹಾಗೆ ಸಾಲದ ಭಯವೇ. ಪಕ್ಕದ ಬೀದಿಯಲ್ಲಿ ಯಾರಿಗೋ ಹಾಗೆ ಆಗಿತ್ತಂತೆ. ಎರಡು ಗೆರೆ ಎಳೆಯಬಹುದು ಅಂದ ಕೂಡಲೇ ಅಮ್ಮ ಪೆನ್ ಕಿತ್ತುಕೊಂಡರಂತೆ. ಸ್ಕೇಲ್ ಇಟ್ಟು ಎಳೆದಿದ್ದಾರೆ, ನೋಡಬೇಕು ಆ ಗೆರೆಗಳನ್ನು. ನೀಲಿ ಪುಸ್ತಕದಲ್ಲಿ ಅವರ ಹೆಸರೇ ಇತ್ತು, ಬಚಾವ್.

88/41 ಬರೆದಿದ್ದು ಯಾರು ಅಂತ ಕೇಳಿದೆವು. ಅಮ್ಮನೇ. ಕನ್ನಡಕ ಹಾಕಿಕೊಂಡಿರಲಿಲ್ಲ.

ಟಿಎಂ 30ಗೆ ಮಗಳೇ ಜೊತೆಗೆ ಬಂದಳು. ದಂಡ ಬಿತ್ತು, ಇಬ್ಬರದೂ ನಾನೇ ಕಟ್ಟಿದೆ. ಆಮೇಲೆ ಅರ್ಜಿಯ ದಿನ ಬ್ಯಾಂಕ್ ಪತ್ರ, ಅವತ್ತೇ ಎಂಟ್ರಿ ಹಾಕಿಸಿದ ಪಾಸ್‌ಬುಕ್, ತಲೆಗೆ 1,900 ಬಾತ್ ಶುಲ್ಕ. ಎಲ್ಲ ಸರಿ ಅಂದುಕೊಳ್ಳುವಾಗ ಅದೇ ಹುಡುಗಿ ಒಂದು ಖಾಲಿ ಹಾಳೆ ಮುಂದೆ ತಳ್ಳಿ "ಮ್ಯಾಪ್" ಅಂದಳು. ಮನೆಗೆ ದಾರಿ ಕೈಯಲ್ಲಿ ಬರೆದು ತೋರಿಸಬೇಕಂತೆ. ಚಿತ್ರ ಬಿಡಿಸದೆ ಐವತ್ತು ವರ್ಷ ಆಗಿರಬೇಕು. ದೇವಸ್ಥಾನ, ಕಾಲುವೆ, ಸೆವೆನ್ ಇಲೆವೆನ್ ಅಂಗಡಿ, ಆಮೇಲೆ ಎಡಕ್ಕೆ ಮೂರನೇ ಗೇಟು. ಕಾಲುವೆಯನ್ನು ರಸ್ತೆ ಅಂದುಕೊಂಡಾಳು ಅಂತ ಅದರಲ್ಲಿ ಎರಡು ಮೀನು ಹಾಕಿದೆ. ಅವಳು ಪಕ್ಕದವಳಿಗೂ ತೋರಿಸಿ, ಮೊಹರು ಒತ್ತಿದಳು.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಮುಂದಿನ ತಿಂಗಳು ಎರಡು ವಾರ ದೇಶದ ಹೊರಗೆ ಹೋಗಿ ಬರಬೇಕು. ವಾಪಸ್ ಬಂದಾಗ ಮತ್ತೆ ಟಿಎಂ 30 ಬೇಕಾ?

ಸಮುದ್ರದ ಕಡೆಯವಳು:

ಶುಭಾಶಯ! ಮೀನಿನ ಫೋಟೋ ಹಾಕಿ ಸರ್.

ಹೊರಡುವ ಮೊದಲು ಇಬ್ಬರೂ ಮರುಪ್ರವೇಶ ಪರ್ಮಿಟ್ ಮಾಡಿಸಿಕೊಳ್ಳಿ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಅಂದರೆ 3,800. ಅದಿಲ್ಲದೆ ಗಡಿ ದಾಟಿದರೆ ಈಗ ಸಿಕ್ಕ ಒಂದು ವರ್ಷ ಅಲ್ಲಿಗೇ ಹೋಯಿತು. ಪರ್ಮಿಟ್ ಇದ್ದು ಅದೇ ಮನೆಗೆ ಬಂದರೆ ಮತ್ತೆ ತಿಳಿಸಬೇಕಾಗಿಲ್ಲ, 2020ರಲ್ಲಿ ನಿಯಮ ಸಡಿಲ ಮಾಡಿದ್ದಾರೆ. ಆದರೂ ನಿಮ್ಮ ಕಚೇರಿಯಲ್ಲಿ ಒಂದು ಮಾತು ಕೇಳಿ, ಒಂದೊಂದು ಕಡೆ ಒಂದೊಂದು ಪದ್ಧತಿ. ಹಳೇ ಟಿಎಂ 30 ಚೀಟಿ ಮಾತ್ರ ಎಸೆಯಬೇಡಿ.