ಗಂಡು ಬೆಕ್ಕು ಟ್ರೇಯಲ್ಲಿ ತಿಣುಕುತ್ತಿದೆ, ಸೋಮವಾರ ತೋರಿಸಿದರೆ ಆಗುತ್ತಾ? ಮೂತ್ರದ ಕಲ್ಲಿನ ಬಗ್ಗೆ ಪಶುವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗ): ಮೇಡಂ ನಮಸ್ಕಾರ. ನಮ್ಮ ಸುಬ್ಬ 4 ವರ್ಷದ ಗಂಡು ಬೆಕ್ಕು. ಬೆಳಗ್ಗೆಯಿಂದ ಹತ್ತು ಸಲವಾದರೂ ಲಿಟರ್ ಟ್ರೇಗೆ ಹೋಗಿ ಕೂತಿದ್ದಾನೆ. ತಿಣುಕುತ್ತಾನೆ, ಏನೂ ಬರುವುದಿಲ್ಲ, ಎದ್ದು ಬಂದು ಕೆಳಗೆ ನೆಕ್ಕಿಕೊಳ್ಳುತ್ತಾನೆ. ಮಲ ಕಟ್ಟಿದೆ ಅಂತ ಅಮ್ಮ ಒಂದು ಚಮಚ ಹರಳೆಣ್ಣೆ ಕುಡಿಸಿದರು. ಸಂಜೆ ಒಮ್ಮೆ ವಾಂತಿ ಮಾಡಿಕೊಂಡ. ನಾಳೆ ಭಾನುವಾರ. ಸೋಮವಾರ ತೋರಿಸಿದರೆ ಆಗುತ್ತಾ?

ಉತ್ತರ: ಆಗಲ್ಲ. ಇದನ್ನು ಓದಿದ ಕೂಡಲೇ ಹೊರಡಿ. ಕಟ್ಟಿರುವುದು ಮಲ ಅಲ್ಲ, ಉಚ್ಚೆ ಇರಬೇಕು. ಟ್ರೇಯಲ್ಲಿ ಇವತ್ತಿನ ಒದ್ದೆ ಉಂಡೆ (ಉಚ್ಚೆ ಬಿದ್ದು ಗಟ್ಟಿಯಾದ ಲಿಟರ್ ಮರಳು) ಒಂದಾದರೂ ಇದೆಯಾ ನೋಡಿ. ಇಲ್ಲದಿದ್ದರೆ ಯೋಚನೆ ಮಾಡುತ್ತಾ ಕೂರಬೇಡಿ.

ಗಂಡು ಬೆಕ್ಕಿನ ಮೂತ್ರನಾಳ ತುದಿಗೆ ಹೋದಂತೆ ಬಹಳ ಸಣ್ಣದಾಗುತ್ತದೆ. ಅಲ್ಲಿ ಒಂದು ಹರಳು ಸಿಕ್ಕಿಕೊಂಡರೂ ಸಾಕು. ಉಚ್ಚೆ ಪೂರ್ತಿ ನಿಂತರೆ 24ರಿಂದ 48 ಗಂಟೆಯಲ್ಲಿ ಹೊರಗೆ ಹೋಗಬೇಕಾದ ವಿಷ ರಕ್ತದಲ್ಲೇ ಏರುತ್ತದೆ. ಪೊಟ್ಯಾಸಿಯಂ ಹೆಚ್ಚಾಗಿ ಹೃದಯದ ಬಡಿತ ತಪ್ಪುತ್ತದೆ. ವಾಂತಿ ಶುರುವಾಗಿದೆ ಅಂದರೆ ಸುಬ್ಬ ಆಗಲೇ ಆ ದಾರಿ ಹಿಡಿದಿರಬಹುದು. ಹೊಟ್ಟೆ ಒತ್ತಿ ಉಚ್ಚೆ ಬರಿಸಲು ಹೋಗಬೇಡಿ, ಮೂತ್ರಚೀಲ ಒಡೆದೀತು. ನೋವಿಗೆ ಅಂತ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿನ ಜೀವ ತೆಗೆಯಲು ಒಂದು ಮಾತ್ರೆ ಸಾಕು. ನಿಮ್ಮ ಊರಲ್ಲೇ ಪಶುವೈದ್ಯಕೀಯ ಕಾಲೇಜಿದೆ, ರಾತ್ರಿ ಹೊತ್ತು ಎಲ್ಲಿ ನೋಡುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಂಡು ಹೊರಡಿ.

ಉಳಿದವರು ದಯವಿಟ್ಟು ಇದರ ಕೆಳಗೆ ಮನೆಮದ್ದು ಬರೆಯಬೇಡಿ.

ಪ್ರಶ್ನೆ (ಹಾಸನ): ನಮ್ಮದು ಹೆಣ್ಣು ಪಾಮ್ (ಪೊಮೆರೇನಿಯನ್) ನಾಯಿ, 7 ವರ್ಷ. ಉಚ್ಚೆಯಲ್ಲಿ ರಕ್ತ ಬರುತ್ತಿತ್ತು. ಎಕ್ಸ್‌ರೇ ತೆಗೆಸಿದರೆ ಮೂತ್ರಚೀಲದಲ್ಲಿ ನೆಲ್ಲಿಕಾಯಿ ಗಾತ್ರದ ಕಲ್ಲು. ಆಪರೇಷನ್ ಅಂದರೆ ಭಯ ಮೇಡಂ. ನಮ್ಮ ಮಾವನವರ ಕಿಡ್ನಿ ಕಲ್ಲು ಬಾಳೆದಿಂಡಿನ ರಸದಲ್ಲೇ ಹೋಯಿತು. ಇವಳಿಗೂ ಕೊಡಬಹುದಾ?

ಉತ್ತರ: ಮಾವನವರ ಕಲ್ಲು ನಾಲ್ಕೈದು ಮಿಲಿಮೀಟರ್ ಇದ್ದಿರಬೇಕು. ಅಷ್ಟು ಸಣ್ಣದು ಎಷ್ಟೋ ಸಲ ತಾನಾಗೇ ಜಾರಿ ಹೋಗುತ್ತದೆ, ಹೆಸರು ಬಾಳೆದಿಂಡಿಗೆ ಬರುತ್ತದೆ. ಬಾಳೆದಿಂಡಿನ ಮೇಲೆ ನನಗೇನೂ ಸಿಟ್ಟಿಲ್ಲ, ಪಲ್ಯ ಮಾಡಿಕೊಂಡು ನೀವು ತಿನ್ನಿ. ಆದರೆ ಪಾಮ್ ನಾಯಿಯ ಹೊಟ್ಟೆಯಿಂದ ನೆಲ್ಲಿಕಾಯಿ ಜಾರಿ ಬರಲ್ಲ, ಅಲ್ವಾ?

ಕರಗಿಸುವುದು ಹೇಗೆ ಅಂತ ಕೇಳುವ ಮೊದಲು ಯಾವ ಕಲ್ಲು ಅಂತ ಕೇಳಿ. ಹೆಣ್ಣು ನಾಯಿಗಳಲ್ಲಿ ಜಾಸ್ತಿ ಕಾಣುವುದು ಸ್ಟ್ರುವೈಟ್. ಇದಕ್ಕೆ ಮೂಲ ಸೋಂಕು. ಕೆಲವು ಬ್ಯಾಕ್ಟೀರಿಯಾಗಳು ಉಚ್ಚೆಯ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಉಚ್ಚೆ ಕ್ಷಾರವಾಗುತ್ತದೆ, ಆಗ ಮೆಗ್ನೀಸಿಯಂ ಮತ್ತು ಫಾಸ್ಫೇಟ್ ಜೊತೆ ಸೇರಿ ಕಲ್ಲು ಕಟ್ಟುತ್ತದೆ. ಬೋರ್ ನೀರಿನ ಗೀಸರಿನಲ್ಲಿ ಬಿಳಿ ಪದರ ಕೂರುತ್ತದಲ್ಲ, ಹಾಗೆ ಪದರದ ಮೇಲೆ ಪದರ. ಇದು ಕರಗುವ ಕಲ್ಲು. ಉಚ್ಚೆಯಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಕಲ್ಚರ್ ಪರೀಕ್ಷೆ ಮಾಡಿಸಿ ಅದಕ್ಕೆ ತಕ್ಕ ಆಂಟಿಬಯೋಟಿಕ್, ಜೊತೆಗೆ ವೈದ್ಯರು ಬರೆದುಕೊಟ್ಟ ವಿಶೇಷ ಆಹಾರ. ಎರಡು ಮೂರು ತಿಂಗಳು ಹಿಡಿಯಬಹುದು, ತಿಂಗಳಿಗೊಮ್ಮೆ ಎಕ್ಸ್‌ರೇ. ಅಷ್ಟು ದಿನ ಬೇರೆ ಏನೂ ಬಾಯಿಗೆ ಹೋಗಬಾರದು. ಅಜ್ಜಿ ಟೀ ಜೊತೆ ಕೊಡುವ ಬಿಸ್ಕತ್ತೂ ಇಲ್ಲ. ಹೆಚ್ಚಿನ ಮನೆಗಳಲ್ಲಿ ಈ ಚಿಕಿತ್ಸೆ ಸೋಲುವುದು ಅಲ್ಲೇ.

ಕ್ಯಾಲ್ಸಿಯಂ ಆಕ್ಸಲೇಟ್ ಆಗಿದ್ದರೆ ಕಥೆ ಬೇರೆ. ಅದನ್ನು ಕರಗಿಸುವ ಆಹಾರವೂ ಇಲ್ಲ, ಔಷಧಿಯೂ ಇಲ್ಲ, ತೆಗೆಯಬೇಕು. ಎಕ್ಸ್‌ರೇಯಲ್ಲಿ ಎರಡೂ ಬಿಳಿಯಾಗೇ ಕಾಣುತ್ತವೆ. ಹಾಗಾಗಿ ಉಚ್ಚೆಯ ಪಿಎಚ್ (ಆಮ್ಲವೋ ಕ್ಷಾರವೋ ಅನ್ನುವ ಅಳತೆ), ಕಲ್ಚರ್, ತಳಿ ಎಲ್ಲ ನೋಡಿ ಅಂದಾಜು ಮಾಡುತ್ತೇವೆ. ನಿಮ್ಮ ವೈದ್ಯರು ಕಲ್ಚರ್‌ಗೆ ಕಳಿಸಿದ್ದಾರಾ, ಕೇಳಿ ನೋಡಿ. ಆಪರೇಷನ್ ಬಗ್ಗೆ ಅಷ್ಟು ಹೆದರಬೇಡಿ, ನಮಗೆ ಇದು ದಿನನಿತ್ಯದ ಕೆಲಸ.

ಪ್ರಶ್ನೆ: ಗಂಡು ನಾಯಿಗೂ ಹೀಗೇನಾ?

ಉತ್ತರ: ಗಂಡು ನಾಯಿಯ ಜನನಾಂಗದ ಒಳಗೆ ಒಂದು ಮೂಳೆ ಇದೆ. ಸಣ್ಣ ಕಲ್ಲುಗಳು ಉಚ್ಚೆಯ ಜೊತೆ ಬಂದು ಸರಿಯಾಗಿ ಅದರ ಹಿಂದೆ ಸಿಕ್ಕಿಕೊಳ್ಳುತ್ತವೆ. ಕಾಲೆತ್ತಿಕೊಂಡು ನಿಂತೇ ಇರುತ್ತದೆ, ಹನಿ ಹನಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಬಾರದಿದ್ದರೆ ಸುಬ್ಬನಿಗೆ ಹೇಳಿದ್ದೇ ಇಲ್ಲಿಗೂ.

ಪ್ರಶ್ನೆ (ಬೆಂಗಳೂರು): ನಮ್ಮ ಶಿಹ್ ಟ್ಸುಗೆ ಹೋದ ವರ್ಷ ಆಪರೇಷನ್ ಆಯಿತು. ಈಗ ಮತ್ತೆ ಕಲ್ಲು! ಆಗ ತೆಗೆದ ಕಲ್ಲುಗಳನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು, ಶೋಕೇಸಿನಲ್ಲಿದೆ. ಮೊಸರು, ರಾಗಿ ಎರಡೂ ನಿಲ್ಲಿಸಿದ್ದೇವೆ. ಕುಡಿಯಲು ಕ್ಯಾನ್ ನೀರು. ಇನ್ನೇನು ಮಾಡಬೇಕು?

ಉತ್ತರ: ಆ ಡಬ್ಬಿಯನ್ನು ಶೋಕೇಸಿನಿಂದ ಇಳಿಸಿ ಲ್ಯಾಬಿಗೆ ಕಳಿಸಿ. ಒಂದು ವರ್ಷ ಸುಮ್ನೆ ಕೂತಿದೆ ಪಾಪ. ಕಲ್ಲು ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲಾಗದು, ನಾನೇ ಎಷ್ಟೋ ಸಲ ತಪ್ಪು ಹೇಳಿದ್ದೇನೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಕೇಂದ್ರವೊಂದು 1981ರಿಂದ ಪ್ರಾಣಿಗಳ ಮೂತ್ರದ ಕಲ್ಲುಗಳನ್ನೇ ಪರೀಕ್ಷಿಸುತ್ತಾ ಬಂದಿದೆ. ಶುರುವಿನಲ್ಲಿ ಅಲ್ಲಿಗೆ ಬಂದ ನಾಯಿ ಕಲ್ಲುಗಳಲ್ಲಿ ಮುಕ್ಕಾಲು ಪಾಲು ಸ್ಟ್ರುವೈಟ್. 2007ರ ಹೊತ್ತಿಗೆ ಕ್ಯಾಲ್ಸಿಯಂ ಆಕ್ಸಲೇಟ್ ಅದಕ್ಕೆ ಸರಿಸಮ ಆಗಿತ್ತು. ಶಿಹ್ ಟ್ಸು, ಲಾಸಾ, ಮಿನಿಯೇಚರ್ ಶ್ನಾಜರ್ ಇವಕ್ಕೆಲ್ಲ ಆಕ್ಸಲೇಟ್ ಒಲವು ಜಾಸ್ತಿ, ತೆಗೆದ ಮೇಲೂ ಮರಳಿ ಬರುತ್ತದೆ.

ಒಂದು ಮಾತು ಕೇಳಿ ಆಶ್ಚರ್ಯ ಆಗಬಹುದು. ಕ್ಯಾಲ್ಸಿಯಂ ಪೂರ್ತಿ ನಿಲ್ಲಿಸಿದರೆ ಕಲ್ಲು ಕಮ್ಮಿಯಾಗಲ್ಲ. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಮಲದಲ್ಲಿ ಹೊರಗೆ ಹೋಗುತ್ತದೆ. ಅದಿಲ್ಲದಿದ್ದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಉಚ್ಚೆಗೆ ಬರುತ್ತದೆ. ನಿಲ್ಲಿಸಬೇಕಾದದ್ದು ಕ್ಯಾಲ್ಸಿಯಂ ಟಾನಿಕ್ಕು, ಪಾಲಕ್ಕು. ಒಂದೆರಡು ಚಮಚ ಮೊಸರಿಗೆ ನನ್ನ ತಕರಾರಿಲ್ಲ. ರಾಗಿಯಲ್ಲಿ ಆಕ್ಸಲೇಟೂ ಇದೆ, ಆದ್ದರಿಂದ ದಿನಾ ಅದನ್ನೇ ಹಾಕಬೇಡಿ.

ಕ್ಯಾನ್ ನೀರೋ ಬೋರ್ ನೀರೋ ಅನ್ನುವುದಕ್ಕಿಂತ ಎಷ್ಟು ನೀರು ಒಳಗೆ ಹೋಯಿತು ಅನ್ನುವುದು ಮುಖ್ಯ. ಊಟವನ್ನು ಗಂಜಿಯ ಹಾಗೆ ತೆಳ್ಳಗೆ ಮಾಡಿ. ನಿಮ್ಮ ವೈದ್ಯರು ಉಚ್ಚೆಯ ಸಾಂದ್ರತೆ ನೋಡಲಿ, ನಾಯಿಗೆ 1.020ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಮತ್ತೆ, ಅಪಾರ್ಟ್‌ಮೆಂಟ್ ಅಲ್ವಾ? ಬೆಳಗ್ಗೆ 7ಕ್ಕೆ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ ಇಳಿಸಿದರೆ ನಡುವೆ ಹದಿನಾಲ್ಕು ಗಂಟೆ ಅದು ಹಿಡಿದುಕೊಂಡೇ ಇರುತ್ತದೆ. ನೀವಾಗಿದ್ದರೆ ಇರುತ್ತಿದ್ದಿರಾ?

ಪ್ರಶ್ನೆ: ನಮ್ಮದು ಡಾಲ್ಮೇಷಿಯನ್. ಲಕ್ಷಣ ಎಲ್ಲ ಇದೇ, ಎಕ್ಸ್‌ರೇಯಲ್ಲಿ ಮಾತ್ರ ಏನೂ ಕಾಣಲಿಲ್ಲ.

ಉತ್ತರ: ಸ್ಕ್ಯಾನ್ ಮಾಡಿಸಿ. ಯೂರಿಕ್ ಆಮ್ಲದಿಂದ ಆಗುವ ಯೂರೇಟ್ ಕಲ್ಲು ಎಕ್ಸ್‌ರೇಗೆ ಸಾಮಾನ್ಯವಾಗಿ ಸಿಗಲ್ಲ. ಯೂರಿಕ್ ಆಮ್ಲವನ್ನು ಸರಿಯಾಗಿ ನಿಭಾಯಿಸಲಾಗದ ಜೀನ್ ದೋಷ ಈ ತಳಿಯ ರಕ್ತದಲ್ಲೇ ಇದೆ. ಲಿವರ್, ಕಿಡ್ನಿ, ಮೀನು ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಯೂರಿಕ್ ಆಮ್ಲ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆಯನ್ನು ನೀವೇ ತಂದು ಕೊಡಬೇಡಿ, ಊಟ ಬದಲಿಸದೆ ಅದನ್ನು ಕೊಟ್ಟರೆ ಬೇರೆ ಜಾತಿಯ ಕಲ್ಲು ಕಟ್ಟಬಹುದು.

ಶಿವಮೊಗ್ಗದವರು, ಐದು ದಿನದ ಮೇಲೆ: ಮೇಡಂ, ಅವತ್ತು ರಾತ್ರಿಯೇ ಹೋದೆವು. ಮತ್ತು ಬರಿಸಿ ಟ್ಯೂಬ್ ಹಾಕಿದರು. ಮೊದಲು ಟೂತ್‌ಪೇಸ್ಟ್ ತರ ಬೆಳ್ಳಗೆ, ಮುಟ್ಟಿದರೆ ಮರಳು ಮರಳು. ಆಮೇಲೆ ಕೆಂಪು ಉಚ್ಚೆ, ಬಂದೇ ಬಂತು. ಮೂರು ದಿನ ಡ್ರಿಪ್ ಮೇಲಿದ್ದ. ಈಗ ಮನೆಗೆ ಬಂದಿದ್ದಾನೆ. ಡ್ರೈ ಫುಡ್ ಬಿಟ್ಟು ಏನೂ ತಿನ್ನಲ್ಲ, ನೀರಂತೂ ಮೂಸಿಯೂ ನೋಡಲ್ಲ. ಅಮ್ಮ ಹರಳೆಣ್ಣೆ ನೆನೆಸಿಕೊಂಡು ಅಳುತ್ತಾರೆ.

ಉತ್ತರ: ಅಮ್ಮನಿಗೆ ಹೇಳಿ, ನನ್ನ ಹತ್ತಿರ ಬರುವ ಎಷ್ಟೋ ಗಂಡು ಬೆಕ್ಕುಗಳು ಹರಳೆಣ್ಣೆ ಕುಡಿದೇ ಬಂದಿರುತ್ತವೆ. ಟ್ಯೂಬಿನಲ್ಲಿ ಬಂದದ್ದು ಕಲ್ಲಲ್ಲ, ಲೋಳೆಯಲ್ಲಿ ಹರಳು ಸೇರಿ ಆದ ಬಿರಡೆ. ಮುಂದಿನ ಎರಡು ವಾರ ಕಣ್ಣಿಟ್ಟಿರಿ, ಮತ್ತೆ ಕಟ್ಟುವುದು ಇದೇ ಸಮಯದಲ್ಲಿ. ಡ್ರೈ ಫುಡ್ಡಿಗೆ ದಿನಾ ಒಂದು ಚಮಚ ಜಾಸ್ತಿ ಬಿಸಿನೀರು ಬೆರೆಸುತ್ತಾ ಬನ್ನಿ, ನಿಧಾನಕ್ಕೆ ವೆಟ್ ಫುಡ್ಡಿಗೆ ಒಗ್ಗುತ್ತಾನೆ. ಅಗಲ ಬಟ್ಟಲಲ್ಲಿ ನೀರು ಮೂರು ನಾಲ್ಕು ಕಡೆ ಇಡಿ, ಟ್ರೇ ಹತ್ತಿರ ಬೇಡ. ಕೋಳಿ ಬೇಯಿಸಿದ ನೀರು ಕೊಡಬಹುದು, ಉಪ್ಪು ಈರುಳ್ಳಿ ಇಲ್ಲದೆ. ದಿನಕ್ಕೆ ಎಷ್ಟು ಒದ್ದೆ ಉಂಡೆ ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ.

ಶಿವಮೊಗ್ಗದವರು: ಇವತ್ತು ಟ್ರೇಯಲ್ಲಿ ಎರಡು ಮೇಡಂ. ಒಂದು ಸಲ ಅಪ್ಪನ ಚಪ್ಪಲಿ ಮೇಲೆ.

ಉತ್ತರ: ಮೂರು ಅಂತ ಬರೆಯಿರಿ.