ಚರ್ಮದೊಳಗೆ ಹರಿದಾಡುವ ಕೊಕ್ಕೆಹುಳುವಿನ ಸೋಂಕಿಗೆ ಯಾವ ಪದ?

ಗೆಳೆಯರೇ,

ಡಾಕ್ಟರುಗಳು ‘ಕ್ಯುಟೇನಿಯಸ್ ಲಾರ್ವಾ ಮೈಗ್ರನ್ಸ್’ ಅನ್ನುವ ಕಾಯಿಲೆಗೆ ಕನ್ನಡದಲ್ಲಿ ಬಳಕೆಯ ಹೆಸರು ಏನಾದರೂ ಇದೆಯಾ? ಸುಲಭ ಕನ್ನಡದಲ್ಲಿ ಒಂದು ಆರೋಗ್ಯ ಬರಹ ಸಿದ್ಧ ಮಾಡುತ್ತಿದ್ದೇನೆ. ಈ ಹೆಸರಿನ ಹತ್ತಿರ ಬಂದು ತಡವರಿಸುತ್ತಿದ್ದೇನೆ.

ಕಾಯಿಲೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಾಯಿ, ಬೆಕ್ಕುಗಳ ಕರುಳಿನಲ್ಲಿರುವ ಕೊಕ್ಕೆಹುಳು ಇದಕ್ಕೆ ಕಾರಣ. ಅದರ ಮೊಟ್ಟೆಗಳು ಮಲದ ಜೊತೆ ಹೊರಬೀಳುತ್ತವೆ. ಬೆಚ್ಚಗಿನ, ತೇವದ ಮರಳಿನಲ್ಲೋ ಮಣ್ಣಿನಲ್ಲೋ ಒಂದೆರಡು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಆಮೇಲೆ 5ರಿಂದ 10 ದಿನದೊಳಗೆ ಮರಿಹುಳು ಚರ್ಮ ಹೊಗುವಷ್ಟು ಬಲಿಯುತ್ತದೆ. ಬರಿಗಾಲಲ್ಲಿ ನಡೆದವರ ಪಾದಕ್ಕೆ, ಮರಳಿನ ಮೇಲೆ ಕೂತವರ ತೊಡೆ, ಕುಂಡಿಗೆ ಜಾಸ್ತಿ ತಗಲುವುದು ಅದಕ್ಕೇ.

ನಾಯಿಯ ಮೈಯಲ್ಲಾದರೆ ಅದು ರಕ್ತ ಸೇರಿ, ಶ್ವಾಸಕೋಶ ದಾಟಿ, ಕರುಳಿಗೆ ಹೋಗಿ ದೊಡ್ಡದಾಗುತ್ತದೆ. ನಮ್ಮ ಮೈಯಲ್ಲಿ ಮೇಲ್ಚರ್ಮದ ತಳದ ಪೊರೆ ದಾಟಲು ಅದಕ್ಕೆ ಆಗುವುದಿಲ್ಲ. ಅಲ್ಲೇ ಸಿಕ್ಕಿಕೊಂಡು ಸುತ್ತುತ್ತದೆ. ಆಗ ಸುಮಾರು 3 ಮಿಲಿಮೀಟರ್ ಅಗಲದ, ಕೆಂಪಗೆ ಉಬ್ಬಿದ, ಅಂಕುಡೊಂಕು ಗೆರೆ ಏಳುತ್ತದೆ. ಇವತ್ತು ಗೆರೆಯ ತುದಿಗೆ ಪೆನ್ನಿನಲ್ಲಿ ಗುರುತು ಹಾಕಿದರೆ, ನಾಳೆ ಗೆರೆ ಆ ಗುರುತು ದಾಟಿರಬಹುದು. ತುರಿಕೆಯಂತೂ ನಿದ್ದೆಗೆಡಿಸುತ್ತದೆ. ಹುಳು ಇರುವುದು ಕಾಣುವ ತುದಿಗಿಂತ ಸ್ವಲ್ಪ ಮುಂದೆ, ಹಾಗಾಗಿ ಸೂಜಿಯಲ್ಲಿ ಕೆದಕಿ ತೆಗೆಯಲು ಹೋಗಬಾರದು. ಗಾಯವಾಗುತ್ತದೆ ಅಷ್ಟೇ.

ಈಗ ಪದದ ವಿಷಯ. ಗೆರೆ ಬಳುಕಿಕೊಂಡು ಹೋಗುವುದರಿಂದ ‘ಸರ್ಪಸುತ್ತು’ ಅನ್ನಬಹುದು ಅನಿಸುತ್ತದೆ. ಆದರೆ ಅದು ವೈರಸ್ಸಿನಿಂದ ಬರುವ, ಗುಳ್ಳೆ ಏಳುವ, ಉರಿಯುವ ಬೇರೆ ಕಾಯಿಲೆ. ‘ಹುಳುಕಡ್ಡಿ’ ಇನ್ನೂ ತೊಂದರೆಯ ಪದ. ಹೆಸರಲ್ಲಿ ಹುಳು ಇದ್ದರೂ ಅದು ಬೂಷ್ಟಿನ ಜಾತಿಯ ಸೋಂಕು, ಅಲ್ಲಿ ಹುಳುವೇ ಇಲ್ಲ. ಇದನ್ನೂ ಹುಳುಕಡ್ಡಿ ಅಂದುಬಿಟ್ಟರೆ ಓದಿದವರು ಆ ಮುಲಾಮನ್ನೇ ತಂದು ಹಚ್ಚುತ್ತಾರೆ. ಇದಕ್ಕೆ ಬೇಕಾದದ್ದು ಆಲ್ಬೆಂಡಜೋಲ್ ಅಥವಾ ಐವರ್ಮೆಕ್ಟಿನ್ ಅನ್ನುವ ಹುಳು ಸಾಯಿಸುವ ಮದ್ದು, ಅದೂ ಡಾಕ್ಟರು ನೋಡಿ ಕೊಟ್ಟರೆ. ನನಗೆ ನಿಜವಾಗಿ ಚಿಂತೆ ಇರುವುದು ಇಲ್ಲೇ. ದಾರದಂಥ ಉದ್ದ ಹುಳು ಚರ್ಮದಿಂದ ಹೊರಬರುವ ‘ನಾರುಹುಣ್ಣು’ ಕುಡಿಯುವ ನೀರಿನಿಂದ ಬರುವಂಥದ್ದು, ಅದಂತೂ ಹೊಂದುವುದೇ ಇಲ್ಲ.

ಸುಮ್ನೆ ‘ಕೊಕ್ಕೆಹುಳು ರೋಗ’ ಅಂದರೆ ಸಾಲದಾ ಅಂತ ಕೆಲವರು ಕೇಳಬಹುದು. ಸಾಲದು. ಮನುಷ್ಯರ ಕೊಕ್ಕೆಹುಳು ಬೇರೆ ಜಾತಿ. ಅದೂ ಚರ್ಮದ ಮೂಲಕ ಹೊಗುತ್ತದೆ, ಆದರೆ ಕರುಳಿಗೆ ಇಳಿದು ರಕ್ತ ಹೀರುತ್ತದೆ, ರಕ್ತಹೀನತೆ ತರುತ್ತದೆ. ಕಾಲಿನ ಮೇಲೆ ಒಂದು ಗೆರೆ ಕಂಡವರನ್ನು ಆ ಹೆಸರಿನಿಂದ ಯಾಕೆ ಹೆದರಿಸಬೇಕು? ಇದು ಮದ್ದಿಲ್ಲದಿದ್ದರೂ ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ಹುಳು ಸತ್ತು ವಾಸಿಯಾಗುವಂಥದ್ದು.

ನನಗೆ ತೋಚಿದ್ದು ‘ಹುಳುಗೆರೆ’ ಮತ್ತು ‘ಹರಿಹುಳು ಸೋಂಕು’. ಮೊದಲನೆಯದು ಕಣ್ಣಿಗೆ ಕಾಣುವುದನ್ನೇ ಹೇಳುತ್ತದೆ, ಚಿಕ್ಕದು, ನನಗೆ ಇಷ್ಟ. ಆದರೆ ಕಿವಿಗೆ ಹುಳುಕಡ್ಡಿಯ ತೀರಾ ಹತ್ತಿರ ಕೇಳಿಸುತ್ತದೆ ಅಲ್ವಾ? ಚರ್ಮದ ಡಾಕ್ಟರು, ಪಶುವೈದ್ಯರು ಯಾರಾದರೂ ಇದ್ದರೆ ರೋಗಿಗಳು ಇದನ್ನು ಏನಂತ ಹೇಳಿಕೊಂಡು ಬರುತ್ತಾರೆ ಅಂತ ದಯವಿಟ್ಟು ತಿಳಿಸಿ. ಜನರ ಬಾಯಲ್ಲಿ ಒಂದು ಹೆಸರು ಇದ್ದರೆ ನನ್ನ ಎರಡನ್ನೂ ಬಿಟ್ಟು ಅದನ್ನೇ ಹಾಕುತ್ತೇನೆ.